ಮನೆಯೊಡತಿಯರ ಸೋಮವಾರ

"ನಾಟಕದವರಿಗೆ ಇಲ್ಲಿ ರೂಮ್ ಇಲ್ಲ!"

ಥೆಲ್ಮಾ ಬಾರ್ಟ್ರಮ್ ಬಾಗಿಲನ್ನು ರಪ್ಪನೆ ದಬ್ಬಿದಳು. ಬಾಗಿಲು ಮುಚ್ಚಲಿಲ್ಲ. ಹೊಸ್ತಿಲಿಗೆ ಒಂದು ಕಂದು ಬೂಟು ಅಡ್ಡ ಬಂದಿತ್ತು.

"ಕಾಲು ತೆಗೀರಿ."

"ತೆಗೀತಿದ್ದೆ ಮೇಡಂ... ಆದ್ರೆ ನೀವು ಅದರ ಮೇಲೆ ಇಡೀ ಬಾಗಿಲನ್ನೇ ಇಟ್ಟಿದ್ದೀರಲ್ಲ!"

ಸಂದಿಯಲ್ಲಿ ಒಂದು ಮುಖ ಕಾಣಿಸಿತು. ಮೂವತ್ತೈದರ ಆಸುಪಾಸು. ಸಮುದ್ರದ ಮಂಜಿಗೆ ಕೂದಲೆಲ್ಲ ಹಣೆಗೆ ಅಂಟಿಕೊಂಡಿತ್ತು. ಕೈಯಲ್ಲಿ ಹಗ್ಗ ಕಟ್ಟಿದ ಸೂಟ್‌ಕೇಸು.

"ಬೆಳಗ್ಗೆಯಿಂದ ಹನ್ನೊಂದು ಮನೆ ಆಯ್ತು. ಎಲ್ಲರೂ ಹೆಸರು ಕೇಳ್ತಾರೆ, ಬಾಗಿಲು ಹಾಕ್ತಾರೆ. ಒಬ್ಬಾಕೆ ನಾಯಿನೇ ಬಿಟ್ಟಳು. ಪಾಪ, ಆ ಮನೇಲಿ ನಾನು ಇಷ್ಟ ಆಗಿದ್ದು ನಾಯಿಗೆ ಮಾತ್ರ."

"ನಿಮ್ಮ ಹೆಸರು?"

"ವಿಲ್ಫ್ ಆಕರ್ಲಿ."

ಓಹ್... ಇವನೇನಾ ಅವನು!

ನಮ್ಮ ಕರಾವಳಿಯಲ್ಲಿ ಊಟ-ವಸತಿಯ ಮನೆ ನಡೆಸುವ ಹೆಂಗಸರಿಗೆಲ್ಲ ಆ ಹೆಸರು ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಪಕ್ಕದೂರಿನ ವೇದಿಕೆಯ ಮೇಲೆ ನಿಂತು ಮನೆಯೊಡತಿಯರ ಮಾನ ಹರಾಜು ಹಾಕಿದ್ದ ಹಾಸ್ಯಗಾರ. ಈ ಸಲ ನಮ್ಮೂರು ಬ್ರಿಡ್ಲಿಂಗ್ಟನ್ನಿನ ಥಿಯೇಟರಾದ ಆಲ್ಬನಿ ಪೆವಿಲಿಯನ್‌ನಲ್ಲಿ ಇಡೀ ಬೇಸಿಗೆ ಅವನದೇ ಆಟ ಎಂದು ಊರ ತುಂಬ ಪೋಸ್ಟರ್ ಅಂಟಿಸಿದ್ದರು.

"ನಮ್ಮ ಮನೆಯೊಡತಿ ತಿಂಡಿಗೆ ಕೊಡೋ ಬೇಕನ್ ಮಾಂಸ ಎಷ್ಟು ತೆಳ್ಳಗೆ ಅಂದ್ರೆ, ಅದರೊಳಗಿಂದ ಪೇಪರ್ ಓದಬಹುದು... ಅಂತ ಹೇಳಿದ್ದು ನೀವೇ ಅಲ್ವಾ?" ಥೆಲ್ಮಾ ಕೇಳಿದಳು.

"ಛೇ, ಅದು ಉತ್ಪ್ರೇಕ್ಷೆ ಮೇಡಂ. ನಂಗೆ ಓದೋಕಾಗಿದ್ದು ದಪ್ಪ ಅಕ್ಷರ ಮಾತ್ರ."

ನಗಬಾರದು... ನಕ್ಕರೆ ಕೆಟ್ಟೆ! ಥೆಲ್ಮಾ ತುಟಿ ಕಚ್ಚಿಕೊಂಡಳು. ನಗು ಕೇಳಲಿಲ್ಲ, ಮೂಗಿನಿಂದ ಹೊರಬಂದಿತು.

ಅಡುಗೆಮನೆಯಿಂದ ತಾಯಿಯ ದನಿ ಬಂತು. "ಯಾರೇ ಅದು?"

"ಹಾಸ್ಯಗಾರ ಅಮ್ಮಾ."

"ಬೇಡ ಅಂತ ಹೇಳು! ಊರವರು ನಗೋ ಹಾಗೆ ಈ ಮನೇಲಿ ಆಗಿದ್ದೇ ಸಾಕು."

ಥೆಲ್ಮಾಳ ಮುಖ ಬಾಡಿತು. ಅವನು ಅದನ್ನು ನೋಡಿದ. ಏನೂ ಕೇಳದೆ ಕಾಲು ಹಿಂದಕ್ಕೆ ತೆಗೆದುಕೊಂಡು, ಟೋಪಿ ಎತ್ತಿ ನಮಸ್ಕರಿಸಿ ಮೆಟ್ಟಿಲಿಳಿದ. ಕುಂಟುತ್ತಿದ್ದ.

"ನಿಲ್ಲಿ... ಕಾಲಿಗೆ ಪೆಟ್ಟಾಯ್ತಾ?"

"ಇಲ್ಲ ಮೇಡಂ, ಹೆಬ್ಬೆರಳು ಮಾತ್ರ. ಇನ್ನೂ ಒಂಬತ್ತಿವೆ."

ಆ ಕ್ಷಣದಲ್ಲಿ ಅವಳು ಸೋತಳು. ಐದು ವರ್ಷಗಳಿಂದ ಯಾರಿಗೂ ಸೋಲದಿದ್ದವಳು!

ಒಳಗೆ ಕರೆದು, ಬಿಸಿನೀರಿನಲ್ಲಿ ಕಾಲು ತೊಳೆಸಿ, ಬಟ್ಟೆ ಕಟ್ಟಿ, ಬೆರಳೆತ್ತಿ ಹೇಳಿದಳು. "ಒಂದೇ ಒಂದು ಷರತ್ತು. ಈ ಮನೇಲಿ ಕಂಡಿದ್ದು, ಕೇಳಿದ್ದು, ಒಂದಕ್ಷರ ಆ ವೇದಿಕೆ ಮೇಲೆ ಹೋಗಬಾರದು."

ವಿಲ್ಫ್ ಎದೆಯ ಮೇಲೆ ಕೈಯಿಟ್ಟ. ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ.

"ನನ್ನಾಣೆ."

*

ಆಟ ಶುರುವಾಗಲು ಇನ್ನೂ ಮೂರು ವಾರವಿತ್ತು. ಬೆಳಗಿನ ತಿಂಡಿಯಾದ ಮೇಲೆ ಸಂಜೆ ಐದರವರೆಗೆ ಬಾಡಿಗೆದಾರರು ಮನೆಯೊಳಗೆ ಇರಬಾರದು, ನಮ್ಮೂರಿನಲ್ಲಿ ಎಲ್ಲ ಮನೆಗೂ ಅದೇ ನಿಯಮ. ಮಳೆ ಬಂದರೂ ಸರಿ, ಬಸ್ ನಿಲ್ದಾಣದಲ್ಲಿ ಕೂತು ಸಮುದ್ರ ನೋಡಬೇಕು.

ವಿಲ್ಫ್ ಮಾತ್ರ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತಿದ್ದ.

"ನಿಯಮ ಅಂದ್ರೆ ನಿಯಮ, ಮಿಸ್ಟರ್ ಆಕರ್ಲಿ."

"ನಾನು ಬಾಡಿಗೆದಾರನಾಗಿ ಬಂದಿಲ್ಲ, ಮಿಸ್ ಬಾರ್ಟ್ರಮ್. ಹಾಸಿಗೆ ಬಟ್ಟೆ ಮಡಚೋಕೆ ಬಂದಿದ್ದೀನಿ. ಒಬ್ಬರೇ ಮಡಚಿದ್ರೆ ಅದು ಮಡಿಕೆ ಅಲ್ಲ, ಜಗಳ."

ಹದಿನಾಲ್ಕು ಹಾಸಿಗೆಯ ಬಟ್ಟೆ. ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು. ಎಳೆದು, ಮಡಚಿ, ಹತ್ತಿರ ಬರಬೇಕು. ಪ್ರತಿ ಬಟ್ಟೆಗೂ ಒಂದು ಸಲ ಅವರ ಬೆರಳು ತಾಗುತ್ತಿತ್ತು. ಮೊದಲ ದಿನ ಅವಳು ಕೈ ಕಿತ್ತುಕೊಂಡಳು. ಎರಡನೇ ವಾರದಲ್ಲಿ ಕಿತ್ತುಕೊಳ್ಳಲಿಲ್ಲ. ಮಿಸ್ಟರ್ ಹೋಗಿ ವಿಲ್ಫ್ ಆಯಿತು. ನೀವು ಹೋಗಿ ನೀನು ಆಯಿತು.

"ಯಾವಾಗ್ಲೂ ಏನಾದ್ರೂ ಮಾತಾಡ್ತಾನೇ ಇರ್ತೀಯಲ್ಲ, ಬಾಯಿ ನೋಯಲ್ವಾ?" ಒಂದು ದಿನ ಕೇಳಿದಳು.

ಅವನು ಬಟ್ಟೆಯ ಅಂಚು ನೋಡುತ್ತಾ ಹೇಳಿದ. "ಓಲ್ಡಮ್‌ನಲ್ಲಿ ನಮ್ಮನೇಲಿ ಯಾರೂ ಮಾತಾಡ್ತಿರ್ಲಿಲ್ಲ ಥೆಲ್ಮಾ. ಅಮ್ಮ ಹೋದ್ಮೇಲೆ ಅಪ್ಪ ಬಟ್ಟೆ ಗಿರಣಿಯಿಂದ ಬಂದು ಗೋಡೆ ನೋಡ್ಕೊಂಡು ಕೂರ್ತಿದ್ದ. ಅವನು ನಕ್ಕರೆ ಅವತ್ತು ನಂಗೆ ಊಟ ಇಳೀತಿತ್ತು, ಇಲ್ಲ ಅಂದ್ರೆ ಇಲ್ಲ. ಈಗ್ಲೂ ಅಷ್ಟೆ... ಎದುರಿಗಿರೋರು ಸುಮ್ಮನಾದ್ರೆ ನಂಗೆ ಉಸಿರು ಕಟ್ಟುತ್ತೆ."

ಅವನ ಮಾತು ಕೇಳಿ ಅವಳೊಳಗೆ ಏನೋ ಕರಗಿತು. ಐದು ವರ್ಷ ಬಾಯಿಗೆ ಬಾರದ ಮಾತು ತಾನಾಗಿ ಹೊರಬಂತು.

"ನಂದು ಒಂದು ಮದುವೆ ಆಗ್ಬೇಕಿತ್ತು, ವಿಲ್ಫ್."

ಕ್ಲಿಫರ್ಡ್ ಎಂದು ಅವನ ಹೆಸರು. ಬ್ಯಾಂಕಿನಲ್ಲಿ ಗುಮಾಸ್ತ. ಯುದ್ಧ ಮುಗಿದು ವರ್ಷಗಳಾಗಿದ್ದರೂ ಆಗಿನ್ನೂ ಮಾಂಸಕ್ಕೆ ರೇಷನ್ ಇದ್ದ ಕಾಲ. ಮದುವೆಯೂಟಕ್ಕೆ ಒಂದು ದೊಡ್ಡ ಹ್ಯಾಮ್, ಇಡೀ ಹಂದಿತೊಡೆ, ತರಲು ಇಡೀ ಬೀದಿಯವರು ತಮ್ಮ ರೇಷನ್ ಚೀಟಿ ಕೊಟ್ಟಿದ್ದರು. ಅವಳು ಬಿಳಿ ಗೌನು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತಳು. ಕ್ಲಿಫರ್ಡ್ ಬರಲಿಲ್ಲ. ಅವನ ಅಣ್ಣ ಬಂದ, ಅವನ ಪತ್ರವೊಂದನ್ನು ಕೊಟ್ಟ, ಓಡಿದ.

"ನಲವತ್ತು ಜನ ಬಂದಿದ್ರು. ಅವರವರ ಚೀಟಿಯ ಮಾಂಸ ಅದು, ಹಸಿದು ಕಳಿಸೋಕಾಗುತ್ತಾ? ಅಪ್ಪ 'ಕೂತ್ಕೊಳ್ಳಿ' ಅಂದ್ರು, ಹ್ಯಾಮ್ ಕುಯ್ಯೋಕೆ ಕತ್ತಿ ತಗೊಂಡ್ರು. ಬಡಿಸೋರು ಸಾಲಲಿಲ್ಲ. ನಾನೇ... ಗೌನಿನ ಮೇಲೆ ಏಪ್ರನ್ ಕಟ್ಕೊಂಡು ಬಡಿಸ್ದೆ. ಎಲ್ಲರೂ ತಲೆ ತಗ್ಗಿಸ್ಕೊಂಡು ತಿಂತಿದ್ರು. ಆಗ ಹರ್ಬರ್ಟ್ ಚಿಕ್ಕಪ್ಪ, ಮಾಂಸಕ್ಕೆ ನೆಂಚ್ಕೊಳ್ಳೋಕೆ ಬೇಕು ಅಂತ, ತಟ್ಟೆ ಎತ್ತಿ ಅಂದ್ರು... 'ಮದುಮಗಳೇ, ಸ್ವಲ್ಪ ಸಾಸಿವೆ!'"

ಅವಳು ಅವನ ಮುಖ ನೋಡಿದಳು. ನಗುತ್ತಾನೇನೋ... ನಕ್ಕುಬಿಟ್ಟರೆ?

ವಿಲ್ಫ್ ನಗಲಿಲ್ಲ. ಹಾಸಿಗೆ ಬಟ್ಟೆಯನ್ನು ಎದೆಗೊತ್ತಿಕೊಂಡು ನಿಂತಿದ್ದ. ಅವನ ಕಣ್ಣು ತುಂಬಿತ್ತು.

ಆಟ ಶುರುವಾಗುವ ಹಿಂದಿನ ದಿನ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. "ನಾಳೆ ಆಟದಲ್ಲಿ ನಿಂಗೊಂದು ಉಡುಗೊರೆ ಇದೆ. ಏನು ಅಂತ ಹೇಳಲ್ಲ, ನೋಡಿದ್ರೆ ಗೊತ್ತಾಗುತ್ತೆ. ಆಟ ಮುಗಿದ್ಮೇಲೆ ಒಂದು ಮಾತು ಕೇಳ್ಬೇಕು."

"ಈಗ್ಲೇ ಕೇಳು."

"ಈಗ ಧೈರ್ಯ ಇಲ್ಲ."

ಅವನು ಹೋದ ಮೇಲೆ ಥೆಲ್ಮಾ ಕನ್ನಡಿ ನೋಡಿಕೊಂಡಳು. ಮೂವತ್ತೊಂದು ವರ್ಷ. ಇನ್ನೂ ತಡವಾಗಿಲ್ಲ... ಅಲ್ವಾ?

*

ಬೇಸಿಗೆಯ ಮೊದಲ ಸೋಮವಾರ, ಸಂಜೆ ಆರು ಗಂಟೆಯ ಆಟ ಮನೆಯೊಡತಿಯರಿಗೆ ಪುಕ್ಕಟೆ. ಇದು ನಮ್ಮೂರಿನ ಪದ್ಧತಿ. ಅವರಿಗೆ ಆಟ ಹಿಡಿಸಿದರೆ ಬೆಳಗಿನ ತಿಂಡಿ ಬಡಿಸುವಾಗ ಬಾಡಿಗೆದಾರರಿಗೆ ಹೇಳುತ್ತಾರೆ, ಹದಿನೇಳು ವಾರ ಥಿಯೇಟರ್ ತುಂಬುತ್ತದೆ. ಹಿಡಿಸದಿದ್ದರೆ ಹಾಸ್ಯಗಾರನ ಕಥೆ ಮುಗಿಯಿತು.

ಅಂದು ಮುನ್ನೂರು ಹೆಂಗಸರ ಟೋಪಿಗಳು ಸಾಲಾಗಿ ಕೂತಿದ್ದವು. ಎಲ್ಲರೂ ಕೈಕಟ್ಟಿ, ತುಟಿ ಬಿಗಿದು, ವಿಲ್ಫ್ ಆಕರ್ಲಿ ಏನು ಬೈಯುತ್ತಾನೋ ಬೈಯಲಿ ಎಂದು ಕಾಯುತ್ತಿದ್ದರು.

ಥೆಲ್ಮಾ ತಾಯಿಯ ಪಕ್ಕದಲ್ಲಿ ನಾಲ್ಕನೇ ಸಾಲಿನಲ್ಲಿದ್ದಳು. ನೀಲಿ ಉಡುಪು. 

ವಿಲ್ಫ್ ಬಂದ. ರೈಲಿನ ಬಗ್ಗೆ ಒಂದು ಮಾತು ಹೇಳಿದ. ಯಾರೂ ನಗಲಿಲ್ಲ. ಹವಾಮಾನದ ಬಗ್ಗೆ ಹೇಳಿದ. ಯಾರೋ ಕೆಮ್ಮಿದರು. ಸೈನ್ಯದ ಅಡುಗೆಯವನ ಕಥೆ ಹೇಳಿದ. ಒಂದು ಟೋಪಿಯೂ ಅಲುಗಲಿಲ್ಲ.

ಯಾಕೋ ಏನೋ ಸರಿಯಿಲ್ಲ... ಬೇಗ ಏನಾದರೂ ಹೇಳು ವಿಲ್ಫ್!

ಅವನ ಹಣೆಯ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಮುಂದಿನ ಮಾತು ಬರಲಿಲ್ಲ. ಐದು ಸೆಕೆಂಡು. ಹತ್ತು. ಇಡೀ ಥಿಯೇಟರ್ ಗವ್ವೆನ್ನುವಷ್ಟು ನಿಶ್ಶಬ್ದ. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನಾನೊಂದು ಮದುವೆಗೆ ಹೋಗಿದ್ದೆ..."

ಥೆಲ್ಮಾ ಥಟ್ಟನೆ ಮುಂದಕ್ಕೆ ಬಾಗಿದಳು.

"ಎಲ್ಲಾ ಇತ್ತು. ಚರ್ಚಿತ್ತು, ಪಾದ್ರಿ ಇದ್ರು, ನಲವತ್ತು ಜನರ ಮಾಂಸದ ಚೀಟಿ ಸೇರಿಸಿ ತಂದ ಹ್ಯಾಮ್ ಇತ್ತು. ಗಂಡು ಒಂದಿರಲಿಲ್ಲ..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಬೇಡ... ದಯವಿಟ್ಟು ಬೇಡ!

ಅವನು ನಿಲ್ಲಲಿಲ್ಲ. ಏಪ್ರನ್ ಕಟ್ಟಿಕೊಂಡ ಮದುಮಗಳ ಹಾಗೆ ನಡೆದು ತೋರಿಸಿದ. ಮುಖ ಊದಿಸಿ ಚಿಕ್ಕಪ್ಪನಾದ. ಇಲ್ಲದ ತಟ್ಟೆಯನ್ನು ಮೇಲೆತ್ತಿದ.

"ಮದುಮಗಳೇ, ಸ್ವಲ್ಪ ಸಾಸಿವೆ!"

ಮುನ್ನೂರು ಟೋಪಿಗಳು ಒಟ್ಟಿಗೆ ಅಲುಗಾಡಿದವು. ಹೆಸರು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಮದುವೆಗೆ ಎರಡು ಚೀಟಿ ಕೊಟ್ಟಿದ್ದ ಪಕ್ಕದ ಮನೆಯ ಮಿಸೆಸ್ ಔತ್ವೇಟ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಹಿಂದಕ್ಕೆ ತಿರುಗಿ ಥೆಲ್ಮಾಳ ಮುಖ ನೋಡಿದಳು. ಒಬ್ಬಳಾದ ಮೇಲೆ ಒಬ್ಬಳು... ಎಲ್ಲರೂ ತಿರುಗಿ ನೋಡಿದರು.

ತಾಯಿ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. "ತಲೆ ಎತ್ಕೊಂಡು ಕೂತಿರು. ಅಳಬೇಡ. ಮನೆಗೆ ಹೋಗಿ ಅಳು."

*

ಸಂಜೆಗೆ ಎರಡು ಆಟ, ನಡುವೆ ಇಪ್ಪತ್ತು ನಿಮಿಷ. ಥಿಯೇಟರಿನ ಹಿಂಬಾಗಿಲಲ್ಲಿ ಬೇಸಿಗೆಯ ಬಿಸಿಲು ಇನ್ನೂ ಇತ್ತು. ವಿಲ್ಫ್ ಓಡಿಬಂದ. ಮುಖದ ತುಂಬ ಬೆಳಕು.

"ಕೇಳಿಸ್ತಾ ಥೆಲ್ಮಾ? ಅವರು ನಕ್ಕಿದ್ದು ಕೇಳಿಸ್ತಾ? ಹದಿನೈದು ವರ್ಷದಲ್ಲಿ ನಂಗೆ ಯಾವತ್ತೂ..."

ಅವಳ ಕಣ್ಣು ನೋಡಿದ. 

"ಇದೇನಾ ನಿನ್ನ ಉಡುಗೊರೆ?"

"ಅಲ್ಲ! ಅದಲ್ಲ... ಅದು ಬೇರೆ..."

"ಅದಕ್ಕೇ ಬಟ್ಟೆ ಮಡಚೋಕೆ ಬಂದೆ ಅಲ್ವಾ? ಅದಕ್ಕೇ ಕಣ್ಣು ತುಂಬ್ಕೊಂಡೆ ಅಲ್ವಾ? ನಿನ್ನ ಕಷ್ಟ ಹೇಳಿ ಹೇಳಿ ನನ್ನ ಕಥೆ ಬಾಯಿಬಿಡಿಸ್ದೆ!"

"ಥೆಲ್ಮಾ, ನನ್ನ ಮಾತು ಕೇಳು..."

"ನಾನು ಒಂದೇ ಕೇಳ್ತೀನಿ. ಎರಡನೇ ಆಟದಲ್ಲಿ ಅದನ್ನ ಹೇಳಬೇಡ. ಮೊದಲನೇದು ಹೋಗ್ಲಿ... ಎರಡನೇದರಲ್ಲಿ ಬೇಡ. ಅಷ್ಟೇ ಸಾಕು ನಂಗೆ."

ಅವನು ಹಿಂದೆ ತಿರುಗಿ ನೋಡಿದ. ಬಾಗಿಲಲ್ಲಿ ಮ್ಯಾನೇಜರ್ ಸಿಗಾರ್ ಹಿಡಿದು ನಗುತ್ತಾ ನಿಂತಿದ್ದ. "ಆಕರ್ಲಿ! ಆ ಮದುವೆ ಕಥೆ ಇರಲಿ ಕಣಯ್ಯಾ, ಅದೇ ನಿನ್ನ ಅನ್ನ!"

ಎರಡನೇ ಆಟದ ಗಂಟೆ ಹೊಡೆಯಿತು. ವಿಲ್ಫ್ ಒಳಗೆ ಹೋದ.

ಥೆಲ್ಮಾ ಸಮುದ್ರದ ಎದುರಿನ ಬೆಂಚಿನಲ್ಲಿ ಕೂತಳು. ತಾಯಿ ಕರೆದರೂ ಏಳಲಿಲ್ಲ. ಥಿಯೇಟರಿನ ಕಿಟಕಿಗಳು ತೆರೆದಿದ್ದವು. ಹಾಡು ಕೇಳಿಸಿತು, ನೃತ್ಯದ ವಾದ್ಯ ಕೇಳಿಸಿತು. ಆಮೇಲೆ ಅವನ ಸರದಿ.

ಹೇಳಲ್ಲ ಅವನು. ಹೇಳೋದಿಲ್ಲ...

ನಗೆಯ ಅಲೆ ಕಿಟಕಿಯಿಂದ ಹೊರಗೆ ಬಂತು. ಇನ್ನೊಂದು ಬಂತು, ಮೊದಲಿನದಕ್ಕಿಂತ ದೊಡ್ಡದು. ಯಾವ ಮಾತಿಗೆ ಎಂದು ಅವಳಿಗೆ ಕೇಳಿಸಬೇಕಾಗಿರಲಿಲ್ಲ.

ಅವಳು ಎದ್ದು ಮನೆಗೆ ಹೋದಳು. ಹಗ್ಗ ಕಟ್ಟಿದ ಸೂಟ್‌ಕೇಸನ್ನು ಮೆಟ್ಟಿಲ ಮೇಲಿಟ್ಟು ಬಾಗಿಲಿಗೆ ಬೀಗ ಹಾಕಿದಳು.

*

ಆ ಬೇಸಿಗೆ ಹೇಗೆ ಕಳೆಯಿತು ಎಂದು ಥೆಲ್ಮಾಳನ್ನು ಕೇಳಬೇಡಿ.

ಮಾಂಸದಂಗಡಿಯವನು ಪೊಟ್ಟಣ ಕಟ್ಟುತ್ತಾ ಕಣ್ಣು ಮಿಟುಕಿಸಿದ. "ಏನಮ್ಮಾ ಥೆಲ್ಮಾ, ಹ್ಯಾಮ್ ಜೊತೆಗೆ ಬೇರೇನೂ ಬೇಡ್ವಾ?" ಬಾಡಿಗೆದಾರರು ಊಟದ ಮೇಜಿನಲ್ಲಿ ಪರಸ್ಪರ ಮೊಣಕೈಯಿಂದ ತಿವಿದುಕೊಂಡರು. ಲೀಡ್ಸ್‌ನಿಂದ ಬಂದ ಗಂಡಹೆಂಡತಿ, 'ಅದೇ ಮನೆ' ನೋಡಬೇಕೆಂದು ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ವಿಲ್ಫ್ ಊರಿನ ಆ ತುದಿಯಲ್ಲಿ ರೂಮ್ ಮಾಡಿದ್ದ. ಬರಲಿಲ್ಲ. ಒಂದು ಪತ್ರವನ್ನೂ ಬರೆಯಲಿಲ್ಲ.

ಬರೆದಿದ್ದರೆ ಒಲೆಗೆ ಹಾಕುತ್ತಿದ್ದೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೂ ಅಂಚೆಯವನ ಸೈಕಲ್ ಸದ್ದಾದಾಗ ಕೈಯ ಕೆಲಸ ನಿಲ್ಲುತ್ತಿತ್ತು... ಈ ಹಾಳು ಮನಸ್ಸು!

ಮರುವರ್ಷ ಅವನು ಟಿವಿಯಲ್ಲಿ ಬಂದ. ಮಿಸೆಸ್ ಔತ್ವೇಟ್ ಮನೆಗೇ ಬಂದು ಕರೆದಳು. "ಬಾರೇ, ಇಡೀ ದೇಶ ನೋಡ್ತಿದೆ!"

"ದೇಶ ನೋಡ್ಲಿ. ನಂಗೆ ಪಾತ್ರೆ ಇದೆ," ಎಂದಳು ಥೆಲ್ಮಾ.

*

ಆರು ವರ್ಷ ಕಳೆಯಿತು.

ನವೆಂಬರಿನಲ್ಲಿ ಆಲ್ಬನಿ ಪೆವಿಲಿಯನ್ ಮುಚ್ಚುವ ತೀರ್ಮಾನವಾಯಿತು. ಜನ ಟಿವಿ ಮುಂದೆ ಕೂತಿದ್ದರು, ಥಿಯೇಟರಿಗೆ ಯಾರು ಬರುತ್ತಾರೆ? ಪರದೆ, ದೀಪಗಳ ಲೆಕ್ಕ ಹಾಕಿ ಮಾರಲು ಸ್ಟಾನ್ ಟಿಂಡಾಲ್ ಬಂದ. ಹಿಂದೆ ಅಲ್ಲಿ ವೇದಿಕೆಯ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತು, ಯಾರು ಎಷ್ಟು ನಿಮಿಷ ಎಂದು ಲೆಕ್ಕ ಇಡುತ್ತಿದ್ದ ಮುದುಕ. ಥೆಲ್ಮಾಳ ಮನೆಯಲ್ಲೇ ಉಳಿದುಕೊಂಡ.

ಒಂದು ಬೆಳಗ್ಗೆ ಮೊಟ್ಟೆ ತಿನ್ನುತ್ತಾ ಅವನೇ ಮಾತೆತ್ತಿದ. "ವಿಲ್ಫ್ ವಿಷಯ ಹೇಳಬಹುದಾ, ಇಲ್ಲ ತಟ್ಟೆ ಎತ್ಕೊಂಡು ಹೋಗ್ತೀಯಾ?"

ಥೆಲ್ಮಾ ತಟ್ಟೆ ಎತ್ತಿದಳು. ಆದರೆ ಹೋಗಲಿಲ್ಲ.

"ಆ ಸೋಮವಾರ ಸಂಜೆ, ಆಟಕ್ಕೆ ಮುಂಚೆ, ಅವನು ನನ್ನ ಹತ್ರ ಬಂದ. 'ಸ್ಟಾನ್, ಮನೆಯೊಡತಿಯರ ಮಾತೆಲ್ಲ ತೆಗೆದುಹಾಕಿದ್ದೀನಿ. ಇನ್ಮೇಲೆ ಒಂದೂ ಇಲ್ಲ' ಅಂದ. ಅವನ ಸರದಿಯ ಹನ್ನೆರಡು ನಿಮಿಷದಲ್ಲಿ ಏಳು ನಿಮಿಷ ಅದೇ ಇತ್ತಮ್ಮ! ನಾನು 'ನಿಂಗೆ ಹುಚ್ಚಾ?' ಅಂದೆ. 'ನಾನು ಮದುವೆ ಆಗೋಳು ಮನೆಯೊಡತಿ ಸ್ಟಾನ್, ಅವಳಿಗೆ ಅದೇ ನನ್ನ ಉಡುಗೊರೆ' ಅಂದ."

ಥೆಲ್ಮಾ ತಟ್ಟೆಯನ್ನು ಮತ್ತೆ ಮೇಜಿನ ಮೇಲಿಟ್ಟಳು.

"ಆ ಹೆಂಗಸರು ಬಂದಿದ್ದೇ ಬೈಸ್ಕೊಳ್ಳೋಕೆ. ಬೈದ್ರೆ ತಾನೇ ಸಿಟ್ಟು ಮಾಡ್ಕೊಳ್ಳೋದು, ಆಮೇಲೆ ನಗೋದು? ಇವನು ಬೈಲೇ ಇಲ್ಲ. ಐದು ನಿಮಿಷಕ್ಕೆ ಇವನ ಹತ್ರ ಇದ್ದಿದ್ದೆಲ್ಲ ಖಾಲಿ. ನಾನು ಪಕ್ಕದಲ್ಲಿ ನಿಂತು ನೋಡ್ತಿದ್ದೆ... ಮುಳುಗೋನ ಮುಖ ಹಾಗೇ ಇರುತ್ತೆ. ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡ."

"ಅವನ ಕೈಗೆ ಸಿಕ್ಕಿದ್ದು ನಾನು," ಎಂದಳು ಥೆಲ್ಮಾ.

"ಹೌದು. ಅವನಿಗೆ ಒಳ್ಳೇದೇನೂ ಆಗ್ಲಿಲ್ಲ ಬಿಡು. ಊರೂರು ತಿರುಗಿದ್ರೆ ಹತ್ತು ವರ್ಷ ಓಡೋ ಮಾತು, ಟಿವಿಯಲ್ಲಿ ಎಲ್ಲರೂ ಕೇಳಿ ಒಂದೇ ದಿನಕ್ಕೆ ಸತ್ತುಹೋಯ್ತು. ಮುಂದಿನ ವಾರ ಲೀಡ್ಸ್‌ನಲ್ಲಿ ಇವನು ಬಾಯಿ ತೆರೆಯೋ ಮೊದಲೇ ಜನ 'ಸಾಸಿವೆ!' ಅಂತ ಕೂಗಿ ಮುಗಿಸಿದ್ರು. ಯಾರೂ ನಗಲಿಲ್ಲ. ಆಮೇಲೆ ಕೆಲಸ ಸಿಗಲಿಲ್ಲ."

"ಈಗ ಎಲ್ಲಿದ್ದಾನೆ?" ಕೇಳಬಾರದೆಂದುಕೊಂಡೇ ಕೇಳಿಬಿಟ್ಟಳು.

ಸ್ಟಾನ್ ಬ್ರೆಡ್ಡಿಗೆ ಬೆಣ್ಣೆ ಸವರಿದ. "ಇಲ್ಲೇ. ಬಂದರಿನ ಪಕ್ಕ ನಗರಸಭೆಯ ಷೆಡ್ ಇದೆಯಲ್ಲ, ಬೀಚಿನ ಬಟ್ಟೆ ಕುರ್ಚಿಗಳನ್ನ ಚಳಿಗಾಲದಲ್ಲಿ ಇಡೋದು? ಹರಿದಿದ್ದನ್ನ ಹೊಲೀತಾನೆ. ಮೂರು ವಾರ ಆಯ್ತು. ನಿಮ್ಮ ಬೀದಿ ತಪ್ಪಿಸಿ ಸುತ್ತು ಹಾಕ್ಕೊಂಡು ಹೋಗ್ತಾನೆ."

ಒಲೆಯ ಪಕ್ಕ ಕೂತಿದ್ದ ತಾಯಿ ತಲೆಯೆತ್ತಲಿಲ್ಲ. ಹೆಣಿಗೆ ಮುಂದುವರಿಸುತ್ತಲೇ ಹೇಳಿದಳು. "ಹೋಗಿ ಬೈದು ಬಾ. ಆರು ವರ್ಷದಿಂದ ಮನೆಯವರ ಮೇಲೆ ಉಗೀತಿದ್ದೀಯ. ನಂಗೆ ಸಾಕಾಗಿದೆ."

*

ಷೆಡ್ಡಿನೊಳಗೆ ಎರಡು ಸಾವಿರ ಕುರ್ಚಿಗಳು ಮಡಚಿಕೊಂಡು ಗೋಡೆಯೆತ್ತರ ನಿಂತಿದ್ದವು. ಕಿಟಕಿಯ ಬಳಿ ಒಬ್ಬ ಮನುಷ್ಯ ಪಟ್ಟೆಪಟ್ಟೆ ಬಟ್ಟೆಗೆ ದಬ್ಬಣ ಚುಚ್ಚುತ್ತಿದ್ದ. ಕೂದಲು ಅರ್ಧ ನೆರೆತಿತ್ತು.

ಅವಳನ್ನು ನೋಡಿದ. ಎದ್ದು ನಿಂತ. ತಮಾಷೆ ಬರಲಿಲ್ಲ.

ಅವಳಿಗೆ ಬೈಯಲು ಆರು ವರ್ಷದ ಮಾತು ಸಿದ್ಧವಿತ್ತು. ಆ ಕೈಗಳ ತುಂಬ ಸೂಜಿಯ ಗಾಯ ಕಂಡವು. ಸಿಟ್ಟು ಬಂತು, ಅಯ್ಯೋ ಎನ್ನಿಸಿತು, ಅಯ್ಯೋ ಎನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಕ್ಲಿಫರ್ಡ್ ಮೇಲೆ ನಂಗೆ ಇಷ್ಟು ಸಿಟ್ಟಿಲ್ಲ," ಎಂದಳು. "ಯಾಕೆ ಗೊತ್ತಾ? ಅವನು ನನ್ನನ್ನ ಒಂದೇ ಸಲ ಬಿಟ್ಟ. ನೀನು ದಿನಕ್ಕೆರಡು ಸಲ, ಹದಿನೇಳು ವಾರ ಬಿಟ್ಟೆ."

"ಹೌದು."

"ಬರೀ ಹೌದು?"

"ಮತ್ತೇನು ಹೇಳ್ಲಿ ಥೆಲ್ಮಾ? ಹೌದು."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈಗ ಕೇಳಬೇಕು. ಸ್ಟಾನ್ ಹೇಳಿದ್ದನ್ನು ಬಾಯಿಬಿಡಬಾರದು. ಉಡುಗೊರೆಯ ಕಥೆ ಇವನ ಜೇಬಿನಲ್ಲಿದೆ. ತೆಗೆದು ತೋರಿಸಿದರೆ ನಾನು ಕರಗುತ್ತೇನೆಂದು ಇವನಿಗೂ ಗೊತ್ತು. ತೆಗೀತಾನಾ... ನೋಡೋಣ.

"ಆವತ್ತು ಯಾಕೆ ಹೇಳಿದೆ?"

ವಿಲ್ಫ್ ದಬ್ಬಣವನ್ನು ಬಟ್ಟೆಯಲ್ಲಿ ಚುಚ್ಚಿಟ್ಟ. 

"ಮೊದಲನೇ ಆಟದಲ್ಲಿ ಹೆದರಿಕೆಗೆ ಹೇಳ್ದೆ. ಎರಡನೇ ಆಟದಲ್ಲಿ ಹೆದರಿಕೆ ಇರಲಿಲ್ಲ. ನೀನು ಬಂದು ಬೇಡ ಅಂತ ಕೇಳಿದ್ದೆ. ನಂಗೆ ಚೆನ್ನಾಗಿ ನೆನಪಿತ್ತು. ನೀನು ಹೊರಗೆ ಬೆಂಚಲ್ಲಿ ಕೂತಿರೋದನ್ನೂ ಕಿಟಕಿಯಿಂದ ನೋಡಿದ್ದೆ. ಆದ್ರೂ ಹೇಳ್ದೆ. ಆ ನಗು ಇನ್ನೊಂದ್ಸಲ ಬೇಕು ಅನ್ನಿಸ್ತು, ಅದಕ್ಕೆ. ದುರಾಸೆ ಕಣೆ. ಮ್ಯಾನೇಜರ್ ಅಲ್ಲ, ಬೇರೆ ಯಾರೂ ಅಲ್ಲ. ನಾನೇ."

"ಪತ್ರ ಯಾಕೆ ಬರೀಲಿಲ್ಲ?"

"ಸಂಜೆ ಮತ್ತೆ ಹೋಗಿ ಅದನ್ನೇ ಹೇಳೋನು, ಬೆಳಗ್ಗೆ ಕೂತು ಏನಂತ ಬರೀಲಿ?"

ಹೊರಗೆ ದೋಣಿಯವರು ಬಲೆ ಎಳೆಯುತ್ತಾ ಯಾರನ್ನೋ ಬೈಯುತ್ತಿದ್ದರು. ಥೆಲ್ಮಾ ಅಲ್ಲೇ ಇದ್ದ ಒಂದು ಕುರ್ಚಿಯನ್ನು ಎಳೆದು ಬಿಡಿಸಿ ಕೂತಳು. 

"ಮನೆಯೊಡತಿಯರ ಮಾತೆಲ್ಲ ತೆಗೆದಿದ್ದೆ ಅಂತ ಯಾಕೆ ಹೇಳ್ಲಿಲ್ಲ ವಿಲ್ಫ್?"

ಅವನು ಬೆಚ್ಚಿಬಿದ್ದ. "ಸ್ಟಾನ್ ಹೇಳಿದ್ನಾ?"

"ಯಾರಾದ್ರೂ ಹೇಳ್ಲಿ. ನೀನ್ಯಾಕೆ ಹೇಳ್ಲಿಲ್ಲ?"

"ಅದನ್ನ ಹೇಳಿದ್ರೆ ನೀನು ನನ್ನ ಬಗ್ಗೆ ಅಯ್ಯೋ ಅಂದ್ಕೊಳ್ತಿದ್ದೆ. ಎರಡನೇ ಆಟ ಮರೆತುಬಿಡ್ತಿದ್ದೆ. ನಿಂಗೆ ಇನ್ನೊಂದ್ಸಲ ಮೋಸ ಮಾಡಿದ ಹಾಗಾಗ್ತಿತ್ತು."

ಆಗ ಅವಳು ಅತ್ತಳು. ತಾಯಿ ಅಂದು ಮನೆಗೆ ಹೋಗಿ ಅಳು ಎಂದಿದ್ದರೂ, ಮನೆಗೆ ಹೋದ ಮೇಲೆ ಅಳುವೇ ಬಂದಿರಲಿಲ್ಲ. ಆರು ವರ್ಷ ತಡವಾಗಿ, ನಗರಸಭೆಯ ಷೆಡ್ಡಿನಲ್ಲಿ, ಮೂಗು ಸೋರುವ ಹಾಗೆ ಅತ್ತಳು. ಅವನು ಹತ್ತಿರ ಬಂದ, ಮುಟ್ಟಲು ಧೈರ್ಯವಾಗದೆ ಎದುರಿಗೆ ನೆಲದ ಮೇಲೆ ಕೂತ.

"ನಿನ್ನನ್ನ ನಾನು ಪ್ರೀತಿಸಿದ್ದು ನಿಜ ಥೆಲ್ಮಾ. ಈಗ್ಲೂ ನಿಜ. ಆದ್ರೆ ಪ್ರೀತಿ ಮಾಡ್ತಾ ಮಾಡ್ತಾನೇ ಅದನ್ನ ಮಾಡಿದೆ. ಅದೂ ನಿಜ."

"ಗೊತ್ತು," ಎಂದಳು ಥೆಲ್ಮಾ, ಮೂಗೊರೆಸಿಕೊಳ್ಳುತ್ತಾ. "ನಾನು ನಿಂಗೆ ಶಾಪ ಹಾಕ್ತಾ ಹಾಕ್ತಾನೇ ಅಂಚೆಯವನಿಗೆ ಕಾದೆ."

ಅವಳು ತಾನೇ ಕೈ ಚಾಚಿದಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎರಡು ಜೊತೆ ಒರಟು ಕೈಗಳು. ಅವನು ಪಿಸುದನಿಯಲ್ಲಿ ಕೇಳಿದ.

"ಕ್ಷಮಿಸಿದ್ಯಾ?"

"ಇಲ್ಲ."

ಅವನು ತಲೆಯಾಡಿಸಿದ. ಕೈ ಬಿಡಲು ಹೋದ. ಅವಳು ಬಿಡಲಿಲ್ಲ.

"ನಾಳೆ ಬಂದು ಕೇಳು," ಎಂದಳು.

"ನಾಳೆನೂ ಇಲ್ಲ ಅಂದ್ರೆ?"

"ನಾಡಿದ್ದು ಕೇಳು."

"ಹೀಗೆ ಎಷ್ಟು ದಿನ ಥೆಲ್ಮಾ?"

"ಯಾಕೆ? ಬೇರೆ ಊರಿಗೆ ಹೋಗೋದಿದೆಯಾ?"

"ಇಲ್ಲ... ಎಲ್ಲಿಗೂ ಇಲ್ಲ."

"ಮತ್ತೆ ಅವಸರ ಏನು?"